ಕೊಟ್ಟಿಗೆಯ ಬಲ್ಬು ಎಷ್ಟು ದಿನ ಬಾಳಬೇಕು?



ಎಲ್‌ಇಡಿ ಬಲ್ಬಿನ ಡಬ್ಬಿ ತಿರುಗಿಸಿ ನೋಡಿದರೆ ಒಂದು ಬದಿಯಲ್ಲಿ 15,000 ಗಂಟೆ ಅಥವಾ 25,000 ಗಂಟೆ ಎಂದು ಅಚ್ಚಾಗಿರುತ್ತದೆ. ಅಂಗಡಿಯವರು ಅದನ್ನೇ "ಹತ್ತು ವರ್ಷ ಚಿಂತೆಯಿಲ್ಲ ಅಕ್ಕ" ಎಂದು ಹೇಳಿ ಕೈಗೆ ಕೊಡುತ್ತಾರೆ. ನೀವು ಎರಡು ತಂದು ನಡುಮನೆಗೆ ಒಂದು, ಕೊಟ್ಟಿಗೆಗೆ ಒಂದು ಹಾಕುತ್ತೀರಿ. ನಡುಮನೆಯದು ಮೂರು ವರ್ಷವಾದರೂ ಉರಿಯುತ್ತಿರುತ್ತದೆ. ಕೊಟ್ಟಿಗೆಯದು ಎಂಟು ತಿಂಗಳಿಗೇ ಮಿಣಮಿಣ ಎಂದು ಆರಿ ಹೋಗಿರುತ್ತದೆ. ಒಂದೇ ಕಂಪನಿ, ಒಂದೇ ಡಬ್ಬಿ, ಒಂದೇ ಬೆಲೆ. ಹಾಗಾದರೆ ಡಬ್ಬಿಯ ಮೇಲಿನ ಲೆಕ್ಕ ಸುಳ್ಳೇ? ಪೂರ್ತಿ ಸುಳ್ಳಲ್ಲ. ಆದರೆ ಆ ಲೆಕ್ಕ ನಿಮ್ಮ ಕೊಟ್ಟಿಗೆಯನ್ನು ನೋಡಿ ಬರೆದದ್ದಲ್ಲ.

ಒಂದು ಬಲ್ಬಿನ ವಿಷಯಕ್ಕೆ ಇಷ್ಟು ಮಾತೇಕೆ ಎನ್ನಬೇಡಿ. ಹಾಲು ಕರೆಯುವ ಹೊತ್ತು ಎರಡೂ ಕತ್ತಲ ಹೊತ್ತೇ. ನಸುಕಿನಲ್ಲಿ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿ ಎಂದು ನಮ್ಮ ಪಶುವೈದ್ಯರು ಪದೇ ಪದೇ ಹೇಳುತ್ತಾರೆ. ಹಾಲಿನಲ್ಲಿ ಸಣ್ಣ ಗರಣೆ ಇದೆಯೇ, ನೀರು ನೀರಾಗಿದೆಯೇ, ರಕ್ತದ ಎಳೆ ಇದೆಯೇ ಎಂದು ಕಂಡುಹಿಡಿಯುವುದು ಕಣ್ಣಿನಿಂದ. ಮಂಕು ಬೆಳಕಿನಲ್ಲಿ ಇದಾವುದೂ ಕಾಣುವುದಿಲ್ಲ. ಕೆಚ್ಚಲು ಬಾವು ಒಂದು ದಿನ ಮುಂಚೆ ಗೊತ್ತಾಗುವುದಕ್ಕೂ ಒಂದು ದಿನ ತಡವಾಗುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದೆ. ಇನ್ನು ರಾತ್ರಿ ಎರಡು ಗಂಟೆಗೆ ಹಸು ಕರು ಹಾಕುವಾಗ ಬಲ್ಬು ಹೋದರೆ ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕರುವಿನ ಕಾಲು ಹುಡುಕಬೇಕಾಗುತ್ತದೆ.

ಡಬ್ಬಿಯ ಮೇಲಿನ ‘ಗಂಟೆ’ ಎಂದರೆ ಏನು?

ಮೊದಲು ನಿಮ್ಮ ಲೆಕ್ಕ ಮಾಡಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೊಟ್ಟಿಗೆಯ ದೀಪ ಉರಿಯುತ್ತದೆ ಎಂದುಕೊಳ್ಳೋಣ. ದಿನಕ್ಕೆ 4 ಗಂಟೆ, ವರ್ಷಕ್ಕೆ 1,460 ಗಂಟೆ. ಈ ಲೆಕ್ಕದಲ್ಲಿ 1,000 ಗಂಟೆಯ ಹಳೆಯ ಹಳದಿ ಬಲ್ಬು ಎಂಟು ತಿಂಗಳು ಬರಬೇಕು. 8,000 ಗಂಟೆಯ ಸಿಎಫ್‌ಎಲ್ ಐದೂವರೆ ವರ್ಷ, 15,000 ಗಂಟೆಯ ಎಲ್‌ಇಡಿ ಹತ್ತು ವರ್ಷ, 25,000 ಗಂಟೆಯದು ಹದಿನೇಳು ವರ್ಷ. ಹದಿನೇಳು ವರ್ಷ ಒಂದೇ ಬಲ್ಬು ಹಾಕಿಕೊಂಡವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದಾರೆಯೇ? ಇರಲಾರರು.

ಹಳದಿ ಬಲ್ಬಿಗೂ ಸಿಎಫ್‌ಎಲ್‌ಗೂ ‘ಆಯಸ್ಸು’ ಎಂದರೆ, ಒಂದು ಗುಂಪು ಬಲ್ಬುಗಳನ್ನು ಒಟ್ಟಿಗೆ ಉರಿಸಿದಾಗ ಅದರಲ್ಲಿ ಅರ್ಧದಷ್ಟು ಕೆಟ್ಟುಹೋಗಲು ಹಿಡಿಯುವ ಸಮಯ. ಅಂದರೆ 1,000 ಗಂಟೆಯ ಬಲ್ಬುಗಳಲ್ಲಿ ಅರ್ಧ ಅದಕ್ಕೆ ಮೊದಲೇ ಹೋಗುತ್ತವೆ, ಅದೂ ಲೆಕ್ಕದೊಳಗೇ ಇದೆ. ಹಸು ಮಾರುವವರು "ಈ ತಳಿ ದಿನಕ್ಕೆ ಹದಿನೈದು ಲೀಟರ್" ಎನ್ನುತ್ತಾರಲ್ಲ, ಹಾಗೆ. ಅದು ತಳಿಯ ಮಾತು, ನಿಮ್ಮ ಗೂಟಕ್ಕೆ ಕಟ್ಟಿದ ಹಸುವಿನ ಮಾತಲ್ಲ. ಅದೇ ಹಸುವಿಗೆ ಮೇವು, ನೀರು, ನೆರಳು ಸರಿಯಿಲ್ಲದಿದ್ದರೆ ಎಂಟು ಲೀಟರ್.

ಎಲ್‌ಇಡಿಯ ಲೆಕ್ಕ ಇನ್ನೂ ಬೇರೆ. ಎಲ್‌ಇಡಿ ಬೀಜ, ಅಂದರೆ ಒಳಗೆ ಕಾಣುವ ಹಳದಿ ಚುಕ್ಕೆ, ಸಾಮಾನ್ಯವಾಗಿ ಒಮ್ಮೆಗೇ ಸಾಯುವುದಿಲ್ಲ. ವರ್ಷ ಕಳೆದಂತೆ ಮಂಕಾಗುತ್ತಾ ಹೋಗುತ್ತದೆ. ಹೊಸದರಲ್ಲಿ ಕೊಟ್ಟ ಬೆಳಕಿನ ನೂರರಲ್ಲಿ ಎಪ್ಪತ್ತು ಪಾಲಿಗೆ ಇಳಿಯುವ ತನಕದ ಸಮಯವನ್ನು ಅದರ ಆಯಸ್ಸು ಎಂದು ಬರೆಯುವುದು ರೂಢಿ. ಹಾಗೆಂದು 25,000 ಗಂಟೆ ಪೂರ್ತಿ ಉರಿಸಿ ನೋಡಿ ಬರೆದದ್ದೂ ಅಲ್ಲ. ಹಗಲು ರಾತ್ರಿ ಆರಿಸದೆ ಉರಿಸಿದರೂ ಅದಕ್ಕೆ ಮೂರು ವರ್ಷದ ಹತ್ತಿರ ಬೇಕು. ಅಷ್ಟರಲ್ಲಿ ಕಂಪನಿ ಹೊಸ ಮಾದರಿ ಮಾರುತ್ತಿರುತ್ತದೆ. ಕೆಲವು ಸಾವಿರ ಗಂಟೆ ಉರಿಸಿ, ಎಷ್ಟು ಮಂಕಾಯಿತು ಎಂದು ಅಳೆದು, ಮುಂದಿನದನ್ನು ಲೆಕ್ಕ ಹಾಕುತ್ತಾರೆ.

ಇಷ್ಟಾದರೂ ನಿಮ್ಮ ಬಲ್ಬು ಮಂಕಾಗಿ ಹೋಗಲಿಲ್ಲ, ಒಂದೇ ದಿನಕ್ಕೆ ಆರಿಹೋಯಿತು. ಅದಕ್ಕೆ ಕಾರಣ ಬೀಜವಲ್ಲ, ಅದರ ಕೆಳಗೆ ಬಿಳಿ ಪ್ಲಾಸ್ಟಿಕ್ಕಿನೊಳಗೆ ಕೂತಿರುವ ಪುಟ್ಟ ಸರ್ಕ್ಯೂಟು. ಇದನ್ನು ಡ್ರೈವರ್ ಎನ್ನುತ್ತಾರೆ. ಮನೆಗೆ ಬರುವ 230 ವೋಲ್ಟಿನ ಕರೆಂಟನ್ನು ಬೀಜಕ್ಕೆ ತಕ್ಕಂತೆ ಇಳಿಸಿ ಕೊಡುವುದು ಇದರ ಕೆಲಸ. ಬೀಜಗಳು ಸರದಂತೆ ಒಂದಕ್ಕೊಂದು ಪೋಣಿಸಿರುವುದರಿಂದ ಒಂದು ಬೀಜ ಸುಟ್ಟರೂ ಅನೇಕ ಬಲ್ಬುಗಳಲ್ಲಿ ಇಡೀ ಸಾಲೇ ಆರುತ್ತದೆ. ಗೊಂಬೆ ಚೆನ್ನಾಗಿದ್ದು ಕೀಲಿ ಕೆಟ್ಟಂತೆ.

ಹಳದಿ ಬಲ್ಬಿನಿಂದ ಎಲ್‌ಇಡಿಯವರೆಗೆ

ನಮ್ಮ ಅತ್ತೆಯಂದಿರ ಕಾಲದ ಬುರುಡೆ ಬಲ್ಬಿನಲ್ಲಿ ಟಂಗ್‌ಸ್ಟನ್ ಲೋಹದ ಕೂದಲಿನಂಥ ತಂತಿ ಸುಮಾರು 2,500 ಡಿಗ್ರಿ ಕಾದು ಬೆಳಗುತ್ತದೆ. ಕಾದ ತಂತಿ ದಿನದಿನಕ್ಕೆ ಸವೆಯುತ್ತದೆ. ಹಳೆಯ ಬುರುಡೆಯ ಒಳಗೆ ಕಪ್ಪು ಹಿಡಿಯುವುದು ಹಾಗೆ ಸವೆದ ಲೋಹವೇ. ಎಲ್ಲಿ ತೀರಾ ತೆಳುವಾಯಿತೋ ಅಲ್ಲಿ ತುಂಡಾಗುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲೇ ‘ಟಪ್’ ಎಂದು ಹೋಗುವುದೇಕೆಂದರೆ, ತಣ್ಣಗಿರುವ ತಂತಿಯಲ್ಲಿ ಆ ಮೊದಲ ಗಳಿಗೆಗೆ ಕರೆಂಟು ಬಹಳ ಜೋರಾಗಿ ಹರಿಯುತ್ತದೆ. ವೋಲ್ಟೇಜ್ ನೂರಕ್ಕೆ ಐದರಷ್ಟು ಹೆಚ್ಚಾದರೂ ಈ ಬಲ್ಬಿನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಡುರಾತ್ರಿ ಊರಿನ ಮೋಟರುಗಳೆಲ್ಲ ನಿಂತು ವೋಲ್ಟೇಜ್ ಏರುವ ಹಳ್ಳಿಗಳಲ್ಲಿ ತಿಂಗಳಿಗೊಂದು ಬಲ್ಬು ತರುತ್ತಿದ್ದುದು ಇದಕ್ಕೇ.

ಈ ಸಾವಿರ ಗಂಟೆಯ ಹಿಂದೆ ಒಂದು ಕಥೆಯಿದೆ, ಕೇಳಿ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬು ಕಂಪನಿಗಳು ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ಸೇರಿ ‘ಫೀಬಸ್’ ಎಂಬ ಒಕ್ಕೂಟ ಕಟ್ಟಿಕೊಂಡವು. ಅದುವರೆಗೆ ಒಂದೂವರೆ ಸಾವಿರ, ಎರಡು ಸಾವಿರ ಗಂಟೆ ಬರುವ ಬಲ್ಬುಗಳೂ ಇದ್ದವು. ಇನ್ನು ಮುಂದೆ ಸಾವಿರ ಗಂಟೆಗೆ ಮೀರಬಾರದು ಎಂದು ಇವರು ಕಟ್ಟು ಮಾಡಿಕೊಂಡರು. ಪ್ರತಿ ಕಾರ್ಖಾನೆಯಿಂದ ಬಲ್ಬು ತರಿಸಿ ಉರಿಸಿ ನೋಡಿ, ಹೆಚ್ಚು ದಿನ ಬಾಳುವ ಬಲ್ಬು ಮಾಡಿದವರಿಗೆ ದಂಡ ಹಾಕುತ್ತಿದ್ದರು! ನಮ್ಮ ಸಂಘದಲ್ಲಿ ಹಾಲಿಗೆ ನೀರು ಸೇರಿಸಿದರೆ ದಂಡ. ಅಲ್ಲಿ ಹಾಲು ಗಟ್ಟಿಯಾಗಿದ್ದರೆ ದಂಡ ಎಂದಂತಾಯಿತು. ಕಂಪನಿಗಳಿಗೂ ಒಂದು ಸಮಜಾಯಿಷಿ ಇತ್ತು. ತಂತಿಯನ್ನು ಕಡಿಮೆ ಕಾಯಿಸಿದರೆ ಬಲ್ಬು ಹೆಚ್ಚು ಬಾಳುತ್ತದೆ, ಆದರೆ ಅದೇ ಕರೆಂಟಿಗೆ ಬೆಳಕು ಕಡಿಮೆ ಕೊಡುತ್ತದೆ. ಇದು ನಿಜವೇ. ಆದರೂ ಎಲ್ಲರೂ ಕೂಡಿ ಗುಟ್ಟಾಗಿ ತೀರ್ಮಾನಿಸುವ ಅಗತ್ಯವೇನಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಒಕ್ಕೂಟ ಎಂಬುದು ರೈತರ ಕೈಯಲ್ಲಿದ್ದರೆ ಒಂದು ಬಗೆ, ಕಂಪನಿಗಳ ಕೈಯಲ್ಲಿದ್ದರೆ ಇನ್ನೊಂದು ಬಗೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಒಂದು ಬಲ್ಬು ಉರಿಯುತ್ತಾ ಬಂದಿದೆ. ಹತ್ತು ಲಕ್ಷ ಗಂಟೆ ದಾಟಿದೆ. ಪವಾಡವೇನಲ್ಲ. ಅದು ಈಗ ಸುಮಾರು ನಾಲ್ಕು ವಾಟ್‌ನಷ್ಟು ಮಾತ್ರ ಉರಿಯುತ್ತದೆ, ಮಿಣುಕು ದೀಪದಂತೆ. ತಂತಿ ಹೆಚ್ಚು ಕಾಯುವುದಿಲ್ಲ. ಮೇಲಾಗಿ ಅದನ್ನು ಆರಿಸಿ ಹಚ್ಚುವುದೇ ಇಲ್ಲ. ಆ ಬೆಳಕಿನಲ್ಲಿ ಹಾಲು ಕರೆಯಲು ಮಾತ್ರ ಆಗುವುದಿಲ್ಲ. ಕಡಿಮೆ ಬಿಸಿ ಇದ್ದರೆ ಹೆಚ್ಚು ಬಾಳಿಕೆ ಎಂಬ ಮಾತನ್ನು ನೆನಪಿಡಿ, ಎಲ್‌ಇಡಿಗೂ ಇದೇ ಬೇಕಾಗುತ್ತದೆ.

ಟ್ಯೂಬ್‌ಲೈಟು ಹಳದಿ ಬಲ್ಬಿನ ಎಂಟು ಹತ್ತು ಪಟ್ಟು ಬಾಳುತ್ತದೆ. ಅದನ್ನು ಸವೆಸುವುದು ಉರಿಯುವುದಕ್ಕಿಂತ ಹೆಚ್ಚಾಗಿ ಹೊತ್ತಿಕೊಳ್ಳುವುದು. ವೋಲ್ಟೇಜ್ ಕಡಿಮೆಯಿದ್ದಾಗ ಪಕಪಕ ಎಂದು ಹತ್ತು ಸಲ ಮಿಟುಕಿಸಿ ಹೊತ್ತಿಕೊಳ್ಳುತ್ತದಲ್ಲ, ಆಗೆಲ್ಲ ಎರಡು ತುದಿಯ ಲೇಪ ಕರಗುತ್ತಿರುತ್ತದೆ. ತುದಿ ಕಪ್ಪಾದರೆ ಮುಗಿಯುತ್ತಾ ಬಂತು ಎಂದರ್ಥ. ತಾಮ್ರದ ಸುತ್ತಿನ ಹಳೆಯ ಚೋಕ್ ಮಾತ್ರ ಗಟ್ಟಿ ಪಿಂಡ, ಇಪ್ಪತ್ತು ವರ್ಷವಾದರೂ ಕೆಲಸ ಮಾಡುವುದುಂಟು. ಆದರೆ ಅದೇ ಹತ್ತು ವಾಟ್‌ನಷ್ಟು ಕರೆಂಟು ತಿನ್ನುತ್ತದೆ.

ಸಿಎಫ್‌ಎಲ್ ಎಂದರೆ ಸುತ್ತಿಟ್ಟ ಟ್ಯೂಬ್‌ಲೈಟು. ಡಬ್ಬಿಯ ಮೇಲೆ 6,000ದಿಂದ 10,000 ಗಂಟೆ. ಬಚ್ಚಲಿಗೆ ಹಾಕಿ ಐದೈದು ನಿಮಿಷಕ್ಕೆ ಹಾಕಿ ಆರಿಸಿದರೆ ಅದರ ಅರ್ಧವೂ ಬರುವುದಿಲ್ಲ. ಈಗ ಇದನ್ನು ಹೊಸದಾಗಿ ಕೊಳ್ಳುವವರು ಕಡಿಮೆ, ಆದರೆ ಹಳೆಯವು ಅನೇಕ ಮನೆಗಳಲ್ಲಿ ಇನ್ನೂ ಉರಿಯುತ್ತಿವೆ. ಒಡೆದಾಗ ಏನು ಮಾಡಬೇಕೆಂದು ಮುಂದೆ ಹೇಳಿದ್ದೇನೆ.

ಎಲ್‌ಇಡಿ ಹಳ್ಳಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾದ ಮೇಲೆ. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ದೇಶದಲ್ಲಿ ಒಟ್ಟು 36 ಕೋಟಿಗೂ ಹೆಚ್ಚು ಬಲ್ಬುಗಳನ್ನು ಕೊಟ್ಟಿದ್ದಾರೆ. ಒಟ್ಟಿಗೆ ಕೊಂಡಿದ್ದರಿಂದ ಸರ್ಕಾರಕ್ಕೆ ಬೀಳುತ್ತಿದ್ದ ದರ 2014ರಲ್ಲಿದ್ದ 310 ರೂಪಾಯಿಯಿಂದ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಒಬ್ಬೊಬ್ಬರೇ ಹಾಲು ಮಾರುವುದಕ್ಕೂ ಸಂಘದಿಂದ ಮಾರುವುದಕ್ಕೂ ಇರುವ ವ್ಯತ್ಯಾಸ ಬಲ್ಲ ನಿಮಗೆ ಇದರಲ್ಲಿ ಆಶ್ಚರ್ಯವಿರಲಾರದು.

ಕರೆಂಟಿನ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. ದಿನಕ್ಕೆ 4 ಗಂಟೆಯಂತೆ 60 ವಾಟ್ ಹಳದಿ ಬಲ್ಬು ವರ್ಷಕ್ಕೆ ಸುಮಾರು 88 ಯೂನಿಟ್ ತಿನ್ನುತ್ತದೆ. ಅಷ್ಟೇ ಬೆಳಕು ಕೊಡುವ 9 ವಾಟ್ ಎಲ್‌ಇಡಿ 13 ಯೂನಿಟ್. ಗೃಹಜ್ಯೋತಿಯಲ್ಲಿ ನಮಗೆ ಬಿಲ್ಲೇ ಸೊನ್ನೆ, ಯಾವ ಬಲ್ಬಾದರೇನು ಎನ್ನುವವರಿದ್ದಾರೆ. ನಿಮ್ಮ ಹಳೆಯ ಸರಾಸರಿಯ ಮೇಲೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಇರುವ ಮನೆಗಳಲ್ಲಿ ಬಲ್ಬಿನಲ್ಲಿ ಉಳಿಸಿದ ಯೂನಿಟ್ ಅಲ್ಲಿಗಾಗುತ್ತದೆ.

ಇನ್ನೊಂದು ಮಾತು ಜೀರೋ ಬಲ್ಬಿನ ಬಗ್ಗೆ. ಹಾವು ಹುಳುವಿನ ಭಯಕ್ಕೆ ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಜೀರೋ ಬಲ್ಬು ಉರಿಸುವವರು ಬಹಳ. ಹೆಸರು ಜೀರೋ, ಆದರೆ ಹಳೆಯ ಬಣ್ಣದ ಜೀರೋ ಬಲ್ಬು 12ರಿಂದ 15 ವಾಟ್ ತಿನ್ನುತ್ತದೆ. ಹನ್ನೆರಡು ಗಂಟೆ ಉರಿಸಿದರೆ ವರ್ಷಕ್ಕೆ 50ರಿಂದ 65 ಯೂನಿಟ್. ಅದರ ಜಾಗಕ್ಕೆ ಅರ್ಧ ವಾಟ್ ಅಥವಾ ಒಂದು ವಾಟ್‌ನ ಎಲ್‌ಇಡಿ ರಾತ್ರಿದೀಪ ಸಾಕು.

ಕೊಟ್ಟಿಗೆಯಲ್ಲೇ ಏಕೆ ಬೇಗ ಹೋಗುತ್ತದೆ?

ಮೊದಲ ಶತ್ರು ಬಿಸಿ. ಎಲ್‌ಇಡಿ ಕೈಗೆ ತಣ್ಣಗೆ ಕಂಡರೂ ಅದರ ಬುಡ ಕಾಯುತ್ತದೆ. ಡ್ರೈವರಿನೊಳಗೆ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಯಿದೆ. ಒಳಗೆ ದ್ರವ ಇರುತ್ತದೆ. ಬಿಸಿಗೆ ಆ ದ್ರವ ಒಣಗುತ್ತಾ ಹೋಗುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಸರಿಸುಮಾರು ಅರ್ಧವಾಗುತ್ತದೆ. ಈಗ ನಿಮ್ಮ ಕೊಟ್ಟಿಗೆ ನೋಡಿ. ಶೀಟಿನ ಮಾಡು, ಅದಕ್ಕೆ ತಗುಲಿಕೊಂಡೇ ಹೋಲ್ಡರ್. ಬೇಸಿಗೆಯ ಸಂಜೆ ಆರು ಗಂಟೆಗೂ ಶೀಟು ಕಾವಲಿಯಂತೆ ಕಾದಿರುತ್ತದೆ. ಅದರ ಮೇಲೆ ಸಗಣಿ ನೀರು ಸಿಡಿಯದಿರಲಿ ಎಂದು ಬಲ್ಬಿಗೆ ಪ್ಲಾಸ್ಟಿಕ್ ಕವರು ಕಟ್ಟುವವರೂ ಉಂಟು. ಅದು ಜ್ವರ ಬಂದವರಿಗೆ ಕಂಬಳಿ ಹೊದಿಸಿದಂತೆ. ಬಲ್ಬನ್ನು ಶೀಟಿನಿಂದ ಎರಡಡಿ ಕೆಳಗೆ, ಆದರೆ ಹಸುವಿನ ಕೊಂಬಿಗೆ, ಬಾಲದ ಬೀಸಿಗೆ ಸಿಗದ ಎತ್ತರದಲ್ಲಿ ಬರುವಂತೆ ಹಾಕಿಸಿ. ಒಲೆಯ ನೇರ ಮೇಲಿರುವ ಅಡುಗೆಮನೆಯ ಬಲ್ಬೂ ಇದೇ ಕಾರಣಕ್ಕೆ ಬೇಗ ಹೋಗುತ್ತದೆ. ಪಕ್ಕದ ಗೋಡೆಗೆ ಸರಿಸಿದರೆ ಸಾಕು.

ಎರಡನೆಯದು ಗಂಜಲ. ಗಂಜಲದಿಂದ ಏಳುವ ಮೂಗಿಗೆ ಬಡಿಯುವ ವಾಸನೆ ಅಮೋನಿಯಾದ್ದು. ತೇವದ ಜೊತೆ ಸೇರಿದ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಹೋಲ್ಡರಿನೊಳಗೆ ಎರಡು ಸ್ಪ್ರಿಂಗಿನ ಹಿತ್ತಾಳೆ ಪಿನ್ನು ಇವೆಯಲ್ಲ, ಮೇನ್ ಸ್ವಿಚ್ ಆರಿಸಿ ಒಮ್ಮೆ ಬಲ್ಬು ಬಿಚ್ಚಿ ನೋಡಿ. ಹಸಿರುಗಟ್ಟಿದ್ದರೆ, ಕಪ್ಪಾಗಿದ್ದರೆ, ಒತ್ತಿದಾಗ ಪುಟಿಯದೆ ಕೂತುಬಿಟ್ಟಿದ್ದರೆ ನಿಮ್ಮ ಬಲ್ಬುಗಳನ್ನು ಕೊಲ್ಲುತ್ತಿರುವುದು ಅದೇ. ಪಿನ್ನು ಸರಿಯಾಗಿ ತಾಗದಿದ್ದರೆ ಒಳಗೆ ಕಿಡಿ ಹಾರುತ್ತಿರುತ್ತದೆ, ಕರೆಂಟು ಕ್ಷಣಕ್ಷಣಕ್ಕೆ ಬಂದು ಹೋಗುತ್ತಿರುತ್ತದೆ, ಡ್ರೈವರ್ ತಡೆಯಲಾರದು. ವರ್ಷಕ್ಕೆ ಮೂರು ಬಲ್ಬು ಬದಲಿಸುವ ಮನೆಗಳಲ್ಲಿ ಹತ್ತು ವರ್ಷದಿಂದ ಹೋಲ್ಡರ್ ಬದಲಿಸಿರುವುದಿಲ್ಲ. ಹೋಲ್ಡರಿನ ಬೆಲೆ ಬಲ್ಬಿಗಿಂತ ಕಡಿಮೆ.

ಮೂರನೆಯದು ವೋಲ್ಟೇಜಿನ ಏರುಪೇರು. ಒಂದೇ ಟ್ರಾನ್ಸ್‌ಫಾರ್ಮರಿಗೆ ಊರೂ ಪಂಪ್‌ಸೆಟ್ಟೂ ಸೇರಿಕೊಂಡಿದ್ದರೆ ಇದು ತಪ್ಪಿದ್ದಲ್ಲ. ಮನೆಯೊಳಗೂ ನೋಡಿ: ಮೇವು ಕತ್ತರಿಸುವ ಯಂತ್ರ ಹಾಕಿದಾಗ ಕೊಟ್ಟಿಗೆಯ ದೀಪ ಕುಗ್ಗಿದರೆ ಎರಡಕ್ಕೂ ಒಂದೇ ಸಣ್ಣ ವೈರಿನಿಂದ ಕರೆಂಟು ಹೋಗುತ್ತಿದೆ ಎಂದರ್ಥ. ಮೋಟರಿಗೆ ಬೇರೆ ದಪ್ಪ ವೈರು ಎಳೆಸಿ. ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲೆ ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಎಂದು ಬರೆದಿರುವುದನ್ನು ಓದಿ, ಇಲ್ಲವೇ ಮಕ್ಕಳಿಂದ ಓದಿಸಿ. 220ರಿಂದ 240 ಎಂದಷ್ಟೇ ಇರುವುದಕ್ಕಿಂತ 100ರಿಂದ 300 ಎಂದಿರುವುದು ನಮ್ಮ ಹಳ್ಳಿಗೆ ವಾಸಿ. ಬೇಸಿಗೆ ಕೊನೆಯ ಗುಡುಗು ಮಳೆಯಲ್ಲಿ ಸಿಡಿಲು ಬಡಿಯುತ್ತಿದ್ದರೆ ದೀಪ ಆರಿಸಿಬಿಡಿ.

ಕೊಳ್ಳುವಾಗ ಏನು ನೋಡಬೇಕು

ನನ್ನ ಅಭಿಪ್ರಾಯ ಕೇಳಿದರೆ ಗಂಟೆಯ ಸಂಖ್ಯೆಯನ್ನು ಬಿಟ್ಟು ವಾರಂಟಿಯ ವರ್ಷ ನೋಡಿ. 25,000 ಗಂಟೆ ಎಂದು ಬರೆದು ಆರು ತಿಂಗಳೂ ವಾರಂಟಿ ಕೊಡದ ಕಂಪನಿಗೆ ತನ್ನ ಮಾತಿನ ಮೇಲೆ ತನಗೇ ನಂಬಿಕೆಯಿಲ್ಲ. ಎರಡು ವರ್ಷ ಬದಲಿಸಿ ಕೊಡುತ್ತೇವೆ ಎನ್ನುವವರ ಬಲ್ಬಿಗೆ ಇಪ್ಪತ್ತು ರೂಪಾಯಿ ಹೆಚ್ಚಾದರೂ ಕೊಡಿ. ಬಲ್ಬಿನ ಮೈಮೇಲೆ ಬಿಐಎಸ್ ಗುರುತು, ನೋಂದಣಿ ಸಂಖ್ಯೆ ಇರಬೇಕು. ಸಂತೆಯಲ್ಲಿ ಮೂರಕ್ಕೆ ನೂರು ಎಂದು ಸುರಿದು ಮಾರುವ ಹೆಸರಿಲ್ಲದ ಬಲ್ಬುಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ, ಒಳಗಿನ ಡ್ರೈವರೂ ಹೆಸರಿಗಷ್ಟೇ.

ಮನೆಗೆ ತಂದ ತಕ್ಷಣ ಬಲ್ಬಿನ ಬಿಳಿ ಬುಡದ ಮೇಲೆ ಅಳಿಸದ ಪೆನ್ನಿನಿಂದ ಆ ದಿನದ ತಾರೀಖು ಬರೆಯಿರಿ. ರಸೀದಿಯನ್ನು ಹಾಲಿನ ಪಾಸ್‌ಬುಕ್ಕಿನೊಳಗೆ ಇಡಿ, ಅದೊಂದು ಮಾತ್ರ ಮನೆಯಲ್ಲಿ ಕಳೆಯುವುದಿಲ್ಲ. ವಾರಂಟಿ ಇದ್ದೂ ರಸೀದಿಯಿಲ್ಲದೆ ಬಲ್ಬನ್ನು ಎಸೆಯುವವರೇ ಹೆಚ್ಚು.

ಕೊಟ್ಟಿಗೆಗೆ ಸಾದಾ ಬಲ್ಬಿಗಿಂತ ಮುಚ್ಚಿದ ಪಟ್ಟಿ ದೀಪ ಒಳ್ಳೆಯದು. ಅದರ ಮೇಲೆ ಐಪಿ 65 ಎಂದಿದೆಯೇ ನೋಡಿ. ಮೊದಲಿನ 6 ಎಂದರೆ ಧೂಳು ಒಳಗೆ ಹೋಗದು, 5 ಎಂದರೆ ಪೈಪಿನ ನೀರು ಸಿಡಿದರೂ ತಡೆಯುತ್ತದೆ. ಇದರಲ್ಲಿ ಹೋಲ್ಡರೇ ಇರುವುದಿಲ್ಲ, ಗಂಜಲದ ಆವಿಗೆ ತಿನ್ನಲು ಪಿನ್ನು ಸಿಗುವುದಿಲ್ಲ. ಬೆಲೆ ಹೆಚ್ಚು ನಿಜ. ನಾಲ್ಕಾರು ಹಸು ಇರುವವರಿಗೆ ಖಂಡಿತ ಗಿಟ್ಟುತ್ತದೆ. ಒಂದೇ ಹಸು ಇದ್ದವರು ಹೊಸ ಹೋಲ್ಡರ್, ಒಳ್ಳೆಯ 9 ವಾಟ್ ಬಲ್ಬು ಹಾಕಿಕೊಂಡರೂ ನಡೆಯುತ್ತದೆ. ಬಣ್ಣ ಬಿಳಿಯದೇ ಇರಲಿ. ಹಳದಿ ಬೆಳಕಿನಲ್ಲಿ ಹಾಲಿನ ತೆಳು ಕೆಂಪು ಗೊತ್ತಾಗದು.

ಎಷ್ಟೇ ಒಳ್ಳೆಯದು ತಂದರೂ ಒಂದೇ ಬಲ್ಬನ್ನು ನಂಬಬೇಡಿ. ಒಂದು 20 ವಾಟ್‌ನ ಬದಲು ಎರಡು 9 ವಾಟ್ ಹಾಕಿ, ಬೇರೆ ಬೇರೆ ಸ್ವಿಚ್ಚಿನಲ್ಲಿ. ಒಂದು ಗೋದಲಿಯ ಕಡೆ, ಇನ್ನೊಂದು ಹಸುವಿನ ಹಿಂಭಾಗದ ಕಡೆ. ಒಂದೇ ಬಲ್ಬು ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮ ನೆರಳೇ ಕೆಚ್ಚಲ ಮೇಲೆ ಬೀಳುತ್ತದೆ. ಎರಡಿದ್ದರೆ ನೆರಳೂ ಒಡೆಯುತ್ತದೆ, ಒಂದು ಹೋದ ರಾತ್ರಿ ಇನ್ನೊಂದು ಇರುತ್ತದೆ.

ಹಳದಿ ಬಲ್ಬಿಗೆ ಇನ್ನೂ ಒಂದು ಕೆಲಸ ಉಳಿದಿದೆ. ಅದು ತಿನ್ನುವ ಕರೆಂಟಿನಲ್ಲಿ ತೊಂಬತ್ತು ಪಾಲಿಗೂ ಮಿಕ್ಕಿ ಬಿಸಿಯಾಗಿಯೇ ಹೋಗುತ್ತದೆ. ಚಳಿಗಾಲದಲ್ಲಿ ಹುಟ್ಟಿದ ಕರುವಿಗೆ ಬಿಸಿ ಕೊಡಲು ಅದೇ ಬೇಕು, ಎಲ್‌ಇಡಿ ತಂದು ನೇತುಹಾಕಿದರೆ ಕರುವಿಗೆ ಬೆಳಕಷ್ಟೇ ಸಿಗುತ್ತದೆ. ಆದರೆ ಎಚ್ಚರ: ಒಣಹುಲ್ಲು, ಗೋಣಿಚೀಲ, ನೀಲಿ ತಾಡಪಾಲು ಅದರ ಹತ್ತಿರ ಸುಳಿಯಬಾರದು. ಗಟ್ಟಿ ಸರಪಳಿಯಿಂದ ಕಟ್ಟಿ, ತಂತಿಯ ಜಾಲರಿ ಹಾಕಿ. ಹಗ್ಗದಿಂದ ಕಟ್ಟಿದ ಬಲ್ಬು ಹುಲ್ಲಿನ ಮೇಲೆ ಬಿದ್ದರೆ ಕೊಟ್ಟಿಗೆಗೇ ಬೆಂಕಿ.

ನೀರು, ವೈರು, ಒಡೆದ ಗಾಜು

ಹಸುವಿಗೆ ಕರೆಂಟಿನ ಹೊಡೆತ ನಮಗಿಂತ ಬೇಗ ತಗಲುತ್ತದೆ. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತಿರುವ ಹಸುವಿಗೆ ನಮ್ಮ ಕೈಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆಯೂ ತಿಳಿಯುತ್ತದೆ. ನೀರು ಕುಡಿಯಲು ಬಾಯಿ ಹಾಕಿ ಬೆಚ್ಚಿ ಹಿಂದೆ ಸರಿದರೆ, ಹಾಲು ಕರೆಯುವಾಗ ಕಾರಣವಿಲ್ಲದೆ ಒದೆಯತೊಡಗಿದರೆ, ದೃಷ್ಟಿ ತೆಗೆಯುವ ಮೊದಲು ವೈರಿಂಗ್ ತೋರಿಸಿ. ಬಲ್ಬು ಬದಲಿಸುವಾಗ ಗೋಡೆಯ ಸ್ವಿಚ್ಚನ್ನಷ್ಟೇ ನಂಬದೆ ಮೇನ್ ಆರಿಸಿ, ಒಣ ಕೈ, ಒಣ ಚಪ್ಪಲಿ, ಮರದ ಸ್ಟೂಲು. ಕೊಟ್ಟಿಗೆ ತೊಳೆಯುವ ಪೈಪು ತಲುಪದ ಹೊರಗೋಡೆಗೆ ಸ್ವಿಚ್ ಇರಲಿ. ಸೋರಿಕೆಯಾದ ಕೂಡಲೇ ತಾನೇ ಬೀಳುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಹತ್ತಿರ ಹೇಳಿ ಹಾಕಿಸಿ, 30 ಮಿಲಿ ಆಂಪಿಯರಿನದು. ಒಂದು ಹಸುವಿನ ಬೆಲೆಯ ಮುಂದೆ ಅದರ ಬೆಲೆ ದೊಡ್ಡದಲ್ಲ.

ಕೆಟ್ಟ ಬಲ್ಬನ್ನು ತಿಪ್ಪೆಗೆ ಎಸೆಯುವ ಅಭ್ಯಾಸ ಮಾತ್ರ ಇವತ್ತೇ ಬಿಡಿ. ಹಸು ಎಮ್ಮೆಗಳು ಮೇವನ್ನು ನಮ್ಮಂತೆ ಆರಿಸಿ ಅಗಿದು ನುಂಗುವುದಿಲ್ಲ, ನಾಲಿಗೆಯಿಂದ ಎಳೆದು ನುಂಗಿ ಆಮೇಲೆ ಮೆಲುಕು ಹಾಕುತ್ತವೆ. ಮೇವಿನೊಳಗೆ ಸೇರಿದ ತಂತಿಯ ತುಂಡು, ಮೊಳೆ ಹೊಟ್ಟೆಯ ಎರಡನೆಯ ಚೀಲದಲ್ಲಿ ಕೂರುತ್ತದೆ. ಆ ಚೀಲಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಪರದೆ. ಆ ಚೀಲ ಕುಗ್ಗಿದಾಗ, ಗಬ್ಬದ ಭಾರ ಬಿದ್ದಾಗ, ಹೆರಿಗೆಯಲ್ಲಿ ತಿಣುಕಿದಾಗ ತಂತಿ ಚುಚ್ಚಿಕೊಂಡು ಹೃದಯದವರೆಗೆ ಹೋಗುವುದುಂಟು. ಹೋದ ಮೇಲೆ ಹಸು ಉಳಿಯುವುದು ಅಪರೂಪ. ಬಲ್ಬಿನ ತಗಡು, ಹೋಲ್ಡರಿನ ಸ್ಪ್ರಿಂಗು, ವೈರಿಂಗ್ ಮಾಡಿದವರು ಬಿಟ್ಟುಹೋದ ತಾಮ್ರದ ಚೂರು, ಎಲ್ಲವನ್ನೂ ಹೆಕ್ಕಿ ಒಂದು ಮುಚ್ಚಳದ ಡಬ್ಬಿಗೆ ಹಾಕಿ. ಎಲೆಕ್ಟ್ರಿಷಿಯನ್ ಬಂದು ಹೋದ ದಿನ ಗೋದಲಿಯನ್ನು ನೀವೇ ಒಮ್ಮೆ ಕೈಯಾಡಿಸಿ ನೋಡಿ.

ಟ್ಯೂಬ್‌ಲೈಟು, ಸಿಎಫ್‌ಎಲ್ ಒಡೆದರೆ ಒಳಗಿನ ಪಾದರಸ ಆವಿಯಾಗಿ ಹರಡುತ್ತದೆ. ಮಕ್ಕಳನ್ನೂ ಕರುಗಳನ್ನೂ ಆಚೆ ಕಳಿಸಿ, ಕಿಟಕಿ ಬಾಗಿಲು ತೆರೆದು ಕಾಲು ಗಂಟೆ ಬಿಡಿ. ಪೊರಕೆಯಿಂದ ಗುಡಿಸಬೇಡಿ, ಪುಡಿ ಇನ್ನಷ್ಟು ಹರಡುತ್ತದೆ. ಗಟ್ಟಿ ರಟ್ಟಿನಿಂದ ಕೆರೆದು, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳದ ಬಾಟಲಿಗೆ ಹಾಕಿ. ಮೇವಿನ ಮೇಲೆ ಒಡೆದಿದ್ದರೆ ಆ ಮೇವು ಹೋದರೆ ಹೋಗಲಿ, ತಿನ್ನಿಸಬೇಡಿ. ಹಾಲಿನ ಕ್ಯಾನು ತೆರೆದಿದ್ದಾಗ ಮೇಲೆ ಯಾವ ಬಲ್ಬು ಒಡೆದರೂ ಆ ಹಾಲನ್ನು ಸೋಸಿ ಡೈರಿಗೆ ತರಬೇಡಿ, ಚೆಲ್ಲಿಬಿಡಿ.

ಕರೆಂಟು ಹೋದರೂ ಉರಿಯುವ ಚಾರ್ಜಿನ ಬಲ್ಬುಗಳನ್ನು ಈಗ ಬಹಳ ಮಂದಿ ಕೊಳ್ಳುತ್ತಿದ್ದಾರೆ. ಗಬ್ಬದ ಹಸು ಇರುವ ಮನೆಗೆ ಒಳ್ಳೆಯದೇ. ಇದರಲ್ಲಿ ಮೊದಲು ಸೋಲುವುದು ಬೀಜವೂ ಅಲ್ಲ ಡ್ರೈವರೂ ಅಲ್ಲ, ಒಳಗಿನ ಬ್ಯಾಟರಿ. ಒಂದೆರಡು ವರ್ಷ ಕಳೆದ ಮೇಲೆ ನಾಲ್ಕು ಗಂಟೆ ಬರುತ್ತಿದ್ದುದು ಅರ್ಧ ಗಂಟೆಗೆ ಇಳಿಯಬಹುದು, ಕರೆಂಟಿದ್ದಾಗ ಚೆನ್ನಾಗಿಯೇ ಉರಿಯುವುದರಿಂದ ನಿಮಗೆ ಅದು ಗೊತ್ತೂ ಆಗುವುದಿಲ್ಲ. ಡಬ್ಬಿಯಲ್ಲೇ ತಿಂಗಳುಗಟ್ಟಲೆ ಇಟ್ಟರೂ ಬ್ಯಾಟರಿ ಹಾಳು. ಆದ್ದರಿಂದ ಹಸುವಿನ ದಿನ ತುಂಬುವುದಕ್ಕೆ ಹದಿನೈದು ದಿನ ಮೊದಲೇ ಒಂದು ಸಂಜೆ ಮೇನ್ ಆರಿಸಿ, ಆ ಬಲ್ಬು ಎಷ್ಟು ಹೊತ್ತು ಉರಿಯುತ್ತದೆ ಎಂದು ಗಡಿಯಾರ ನೋಡಿ ಲೆಕ್ಕ ಹಾಕಿ. ಒಂದು ಗಂಟೆಗೂ ಕಡಿಮೆ ಬಂದರೆ ಹೊಸದು ತರಲು ಇನ್ನೂ ಎರಡು ಸಂತೆ ಸಿಗುತ್ತವೆ.